ನಲವತ್ತರಲ್ಲಿ ಕೈಗೆ ಬರುವುದು

ಬಣಕಲ್
14–6–1936

ಚಿರಂಜೀವಿ ಷಡಕ್ಷರಿಯವರಿಗೆ ಬಣಕಲ್ ಸಿದ್ದಬಸಪ್ಪ ಮಾಡುವ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ಮಳೆ ಹಿಡಿದು ಎಂಟು ದಿನವಾಯಿತು. ಕಳಸದ ಕಡೆ ಇನ್ನೂ ಜೋರಿರಬೇಕು.

ನನ್ನ ಎರಡು ಕಣ್ಣಿಗೂ ಪೊರೆ ಬಂದು ನಾಲ್ಕು ವರ್ಷ. ಬೆಳಕು ನೆರಳು ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ. ಆದ್ದರಿಂದ ಈ ಕಾಗದವನ್ನು ನಾನು ಹೇಳಿ ಬರೆಸುತ್ತಿದ್ದೇನೆ.

ಹೋದ ತಿಂಗಳು ನೀವು ನಿಮ್ಮ ಸೋದರಮಾವ ಗುರುವಯ್ಯನವರ ಜೊತೆ ಬಂದು ನಮ್ಮ ಮುತ್ತಮ್ಮನನ್ನು ನೋಡಿಕೊಂಡು ಹೋದಿರಿ. ನಮ್ಮ ಮನೆಯವರಿಗೆ ನೀವು ಒಪ್ಪಿಗೆ. ನನಗೆ ನಿಮ್ಮ ಮುಖ ಕಾಣಲಿಲ್ಲ, ಮಾತು ಕೇಳಿಸಿತು. ಮಾತು ಕಡಿಮೆ ಇತ್ತು. ಅದೇನೂ ದೋಷವಲ್ಲ.

ಸಂಬಳ ನಲವತ್ತು ರೂಪಾಯಿ ಎಂದು ಗುರುವಯ್ಯನವರು ಹೇಳಿದರು. ನಾನು ಎಂಟು ಎಕರೆ ಕಾಫಿ ಇಟ್ಟುಕೊಂಡವನು. ಮನೆಯಲ್ಲಿ ತೂಗಿದ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಅಷ್ಟೇ ತೂಗುವುದಿಲ್ಲ. ತೇವಕ್ಕೆ ಇಷ್ಟು, ಸಿಪ್ಪೆಗೆ ಇಷ್ಟು, ಚೀಲಕ್ಕೆ ಇಷ್ಟು ಎಂದು ಹಿಡಿದು ಉಳಿದದ್ದಕ್ಕೆ ದುಡ್ಡು ಕೊಡುತ್ತಾರೆ. ಸಂಬಳವೂ ಹಾಗೆಯೇ ಎಂದು ನನಗೆ ತಡವಾಗಿ ತಿಳಿಯಿತು.

ನಮ್ಮ ಹಿರಿಯ ಮಗಳು ನಂಜಮ್ಮನನ್ನು ಚಿಕ್ಕಮಗಳೂರಿನ ಕಡೆ ನಿಮ್ಮ ಹಾಗೆ ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರಿಗೇ ಕೊಟ್ಟೆವು. ಐವತ್ತು ಸಂಬಳ ಎಂದಿದ್ದರು. ನಾನು ಐವತ್ತನ್ನು ಕೇಳಿಸಿಕೊಂಡೆನೇ ಹೊರತು ಕಡಿತ ಎಷ್ಟು ಎಂದು ಕೇಳಲಿಲ್ಲ. ಎರಡನೆಯ ದೀಪಾವಳಿಗೆ ಬಂದಾಗ ಅವಳ ಕಿವಿ ಬರಿದಾಗಿತ್ತು. ಆಗ ನನಗೆ ಕಣ್ಣಿತ್ತು. ಕೈಗೆ ಬರುತ್ತಿದ್ದದ್ದು ಹದಿನಾಲ್ಕು ರೂಪಾಯಿ; ಅವಳು ಹೇಳಿರಲಿಲ್ಲ, ಅಳಿಯನೂ ಹೇಳಿರಲಿಲ್ಲ. ಈಗ ಅವರು ಸುಧಾರಿಸಿಕೊಂಡಿದ್ದಾರೆ. ಆದರೆ ಕೇಳಬೇಕಾದ ಮಾತನ್ನು ಕೇಳದ ತಪ್ಪು ನನ್ನದು.

ಆದ್ದರಿಂದ ನಲವತ್ತರಲ್ಲಿ ಏನೇನು ಹಿಡಿಯುತ್ತಾರೆ, ಕೈಗೆ ಎಷ್ಟು ಬರುತ್ತದೆ, ಬಾಬು ಬಾಬಾಗಿ ಬರೆಯಿರಿ. ಕಡಿಮೆ ಎಂದು ಹೆಣ್ಣು ಕೊಡದೆ ಇರುವವನಲ್ಲ ನಾನು. ತಿಳಿದು ಕೊಡಬೇಕು, ಅಷ್ಟೆ.

ಸಿದ್ದಬಸಪ್ಪ


ಹೊನ್ನೆಗುಂಡಿ ಎಸ್ಟೇಟು, ಕಳಸ ಟಪಾಲು
23–6–1936

ಪೂಜ್ಯ ಸಿದ್ದಬಸಪ್ಪನವರಿಗೆ ಷಡಕ್ಷರಿಯ ನಮಸ್ಕಾರಗಳು.

ತಮ್ಮ ಕಾಗದ ತಲುಪಿತು. ತಾವು ಕೇಳಿದ್ದು ಸರಿಯಾಗಿಯೇ ಇದೆ.

ನಾನು ಇಲ್ಲಿ ಎರಡನೆಯ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಹಗಲು ಕೆಲಸದ ಪುಸ್ತಕ, ತಿಂಗಳ ಕೊನೆಗೆ ಇನ್ನೂರ ಹತ್ತು ಜನರ ಸಂಬಳದ ಪಟ್ಟಿ. ಎಲ್ಲರ ಕಡಿತವನ್ನೂ ಬರೆದು ಅಭ್ಯಾಸವಿದೆ. ನನ್ನದನ್ನು ಮಾತ್ರ ಈವರೆಗೆ ಯಾರಿಗೂ ಬರೆದು ತೋರಿಸಿಲ್ಲ.

ಸಂಬಳ ನಲವತ್ತು ರೂಪಾಯಿ. ಇದರಲ್ಲಿ ಎಸ್ಟೇಟಿನ ಡಿಪೋದಿಂದ ಕೊಡುವ ಅಕ್ಕಿಗೆ ಏಳು ರೂಪಾಯಿ. ರೈಟರ್ ಕೆಲಸದವರಿಂದ ಹಿಡಿಯುವ ಜಾಮೀನು ಠೇವಣಿ ನಾಲ್ಕು ರೂಪಾಯಿ. ಕೆಲಸ ಬಿಡುವಾಗ ವಾಪಸು ಬರುತ್ತದೆ. ಪ್ರಾವಿಡೆಂಟ್ ಫಂಡಿಗೆ ರೂಪಾಯಿಗೆ ಒಂದಾಣೆಯಂತೆ ಎರಡೂವರೆ ರೂಪಾಯಿ. ಆಸ್ಪತ್ರೆಗೂ ಕ್ವಿನೀನಿಗೂ ಎಂಟಾಣೆ.

ಕೈಗೆ ಬರುವುದು ಇಪ್ಪತ್ತೊಂದು ರೂಪಾಯಿ.

ಮನೆಗೆ ಬಾಡಿಗೆಯಿಲ್ಲ. ಎರಡು ಕೋಣೆ, ಅಡುಗೆಮನೆ, ಮೇಲೆ ತಗಡು. ಸೌದೆ ತೋಟದ್ದೇ. ಹಿತ್ತಿಲಲ್ಲಿ ತರಕಾರಿ ಹಾಕಬಹುದು. ನಾನು ಈವರೆಗೆ ಹಾಕಿಲ್ಲ. ಗುರುವಯ್ಯ ಮಾವನವರು ನಲವತ್ತು ಎಂದಷ್ಟೇ ಹೇಳಿದ್ದು ಮರೆಮಾಡಲು ಅಲ್ಲ. ನಾನು ಅವರಿಗೂ ಪೂರ್ತಿ ಹೇಳಿರಲಿಲ್ಲ.

ತಮ್ಮ ತೀರ್ಮಾನ ಏನೇ ಆದರೂ ನನಗೆ ಬೇಸರವಿಲ್ಲ.

ಷಡಕ್ಷರಿ


ಬಣಕಲ್
5–7–1936

ಚಿರಂಜೀವಿ ಷಡಕ್ಷರಿಯವರಿಗೆ ಸಿದ್ದಬಸಪ್ಪನ ಆಶೀರ್ವಾದ.

ನಿಮ್ಮ ಲೆಕ್ಕ ಓದಿಸಿ ಕೇಳಿದೆ. ಠೇವಣಿ ನಾಲ್ಕು, ಫಂಡು ಎರಡೂವರೆ, ಇವು ಹೋದ ದುಡ್ಡಲ್ಲ, ಮುಂದಕ್ಕೆ ಹೋದ ದುಡ್ಡು. ಇದ್ದದ್ದು ಇದ್ದ ಹಾಗೆ ಬರೆದಿದ್ದೀರಿ. ಸೋದರಮಾವನವರಿಗೆ ತಿಂಗಳಿಗೆ ಐದು ರೂಪಾಯಿ ತಪ್ಪದೆ ಕಳಿಸುತ್ತೀರಿ ಎಂದು ಕೇಳಿ ಬಹಳ ಸಂತೋಷವಾಯಿತು. ಸಾಕಿದವರನ್ನು ಸಂಬಳ ಬಂದ ಮೇಲೂ ನೆನೆಯುವವರು ಈಗ ಕಡಿಮೆ.

ಇನ್ನೂ ಒಂದೆರಡು ವಿಷಯ ತಿಳಿಯಬೇಕು. ಸಂಬಳ ಯಾವ ತಾರೀಕಿಗೆ ಕೊಡುತ್ತಾರೆ? ಮಳೆಗಾಲದಲ್ಲಿ ತಡವಾಗುತ್ತದೆಯೆ? ಜ್ವರ ಬಂದು ಮಲಗಿದರೆ ಆ ದಿನಗಳ ಸಂಬಳ ಹಿಡಿಯುತ್ತಾರೆಯೆ? ನಿಧಾನವಾಗಿ ಬರೆಯಿರಿ. ನಮಗೂ ಅವಸರವಿಲ್ಲ. ಮುತ್ತು, ಇಷ್ಟು ಸಾಕು, ಕೊನೆಯ ಮಾತು ಬರೆಯಬೇಡ. (ಬರೆದಾಗಿತ್ತು.)

ಸಿದ್ದಬಸಪ್ಪ


ಬಣಕಲ್
5–7–1936

ಈ ಚೀಟಿಯನ್ನು ಅಪ್ಪಯ್ಯನ ಕಾಗದದೊಳಗೆ ಮಡಚಿಟ್ಟಿದ್ದೇನೆ. ಅವರಿಗೆ ತಿಳಿಯದು.

ಅವರ ಕಾಗದಗಳನ್ನು ಬರೆಯುವುದೂ ಬಂದವನ್ನು ಓದಿ ಹೇಳುವುದೂ ನಾನೇ, ಮುತ್ತಮ್ಮ. ನಿಮ್ಮ ಕಾಗದವನ್ನು ಜಗಲಿಯಲ್ಲಿ ಕೂತು ಓದುತ್ತಿದ್ದೆ. ಏಳು, ನಾಲ್ಕು, ಎರಡೂವರೆ, ಎಂಟಾಣೆ. ಒಟ್ಟು ಹದಿನಾಲ್ಕು. ನಲವತ್ತರಲ್ಲಿ ಹದಿನಾಲ್ಕು ಹೋದರೆ ಇಪ್ಪತ್ತಾರು ಉಳಿಯಬೇಕು. ನೀವು ಬರೆದಿರುವುದು ಇಪ್ಪತ್ತೊಂದು.

ಅಪ್ಪಯ್ಯ ಕಣ್ಣಿಲ್ಲದಿದ್ದರೂ ಬಾಯಲ್ಲೇ ಕೂಡುತ್ತಾರೆ, ಕಳೆಯುತ್ತಾರೆ. ನಾನು ಇಪ್ಪತ್ತೊಂದು ಎಂದು ಓದುವ ಮೊದಲೇ ಅವರ ತುಟಿ ಆಡುತ್ತಿತ್ತು. ನನಗೆ ಏನು ತೋಚಿತೋ, ಇಪ್ಪತ್ತೊಂದಕ್ಕೆ ಮೊದಲು ‘ಸೋದರಮಾವನವರಿಗೆ ಐದು ರೂಪಾಯಿ’ ಎಂದು ಒಂದು ಬಾಬು ಸೇರಿಸಿ ಓದಿಬಿಟ್ಟೆ. ಅಂಥ ಸಾಲು ನಿಮ್ಮ ಕಾಗದದಲ್ಲಿ ಇರಲಿಲ್ಲ.

ಈಗ ಅಪ್ಪಯ್ಯ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ನೆಲ ನೋಡುವಂತಾಗುತ್ತದೆ.

ಎಣಿಸಲು ಬಾರದೆ ತಪ್ಪಿದಿರಿ ಎಂದು ನನಗೆ ಅನಿಸುವುದಿಲ್ಲ. ಇನ್ನೂರ ಹತ್ತು ಜನರ ಪಟ್ಟಿ ಬರೆಯುವವರು ಐದು ರೂಪಾಯಿ ತಪ್ಪುವುದಿಲ್ಲ. ಸುಳ್ಳು ಬರೆಯುವವರಾಗಿದ್ದರೆ ಇಪ್ಪತ್ತಾರು ಎಂದೇ ಬರೆಯುತ್ತಿದ್ದಿರಿ. ಆ ಐದು ರೂಪಾಯಿ ಎಲ್ಲಿಗೆ ಹೋಗುತ್ತದೆ? ನನಗೆ ತಿಳಿಸಿ.


ಬಣಕಲ್
2–8–1936

ನಿಮ್ಮಿಂದ ಕಾಗದವಿಲ್ಲ. ಹೊಳೆ ತುಂಬಿ ಕಳಸದ ಟಪಾಲು ನಿಂತಿದೆ ಎಂದು ಅಂಗಡಿ ಸುಬ್ಬಣ್ಣ ಹೇಳಿದರು. ಆಮೇಲೆ ಟಪಾಲು ಬಂತು, ನಿಮ್ಮದು ಬರಲಿಲ್ಲ.

ನಾನು ಕೇಳಬಾರದ್ದನ್ನು ಕೇಳಿದೆನೇನೋ. ಹೆಣ್ಣು ನೋಡಿಹೋದವರ ಜೇಬಿಗೆ ಮದುವೆಗೆ ಮೊದಲೇ ಕೈ ಹಾಕಿದಳು ಎಂದುಕೊಂಡಿರಬಹುದು. ಆ ದುಡ್ಡು ಬೇರೆ ಯಾರಿಗಾದರೂ ಹೋಗುತ್ತಿದ್ದರೆ, ಇನ್ನೊಂದು ಮನೆ ಇದ್ದರೆ, ಅದನ್ನು ಒಂದು ಸಾಲಿನಲ್ಲಿ ಬರೆದುಬಿಡಿ. ಅಪ್ಪಯ್ಯನಿಗೆ ಏನಾದರೂ ಹೇಳಿ ನಿಲ್ಲಿಸುತ್ತೇನೆ. ನಿಮ್ಮ ಹೆಸರು ಕೆಡುವಂತೆ ಹೇಳುವುದಿಲ್ಲ.

ಮುತ್ತಮ್ಮ


ಹೊನ್ನೆಗುಂಡಿ ಎಸ್ಟೇಟು
9–8–1936

ಓದಿ ಹೇಳುವವರಿಗೆ,

ಹೊಳೆ ತುಂಬಿ ಟಪಾಲು ನಿಂತಿತ್ತು ಎಂದು ಬರೆಯಬಹುದಿತ್ತು. ಟಪಾಲು ನಿಂತದ್ದು ಆರು ದಿನ. ಉಳಿದ ದಿನ ನಿಂತದ್ದು ನಾನು.

ಇನ್ನೊಂದು ಮನೆಯಿಲ್ಲ. ಇದ್ದ ಒಂದು ಮನೆಯಲ್ಲೂ ನಾನೊಬ್ಬನೇ. ಆ ಐದು ರೂಪಾಯಿಯ ವಿಷಯವನ್ನು ಈಗ ಬರೆಯುತ್ತೇನೆ. ಇದನ್ನು ಅಪ್ಪಯ್ಯನವರಿಗೆ ಪೂರ್ತಿ ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಏನನ್ನೂ ಸೇರಿಸಬೇಡಿ, ಬಿಡಬೇಡಿ.

ಹೋದ ವರ್ಷ ಜುಲೈ ತಿಂಗಳ ಸಂಬಳಕ್ಕೆ ಚಿಲ್ಲರೆ ತರಲು ನಾನೂ ಟಪಾಲು ಆಳು ತಮ್ಮಯ್ಯನೂ ಕಳಸಕ್ಕೆ ಹೋಗಿದ್ದೆವು. ನೂರ ಎಂಬತ್ತು ರೂಪಾಯಿ, ಎಲ್ಲ ಬೆಳ್ಳಿ, ಒಂದು ಗಟ್ಟಿ ಬಟ್ಟೆಯ ಚೀಲದಲ್ಲಿ. ವಾಪಸು ಬರುವಾಗ ಭದ್ರಾ ಹೊಳೆ ಏರಿತ್ತು. ಅಂಬಿಗ ‘ನಾಳೆ ದಾಟಿಸ್ತೀನಿ’ ಎಂದ. ತಮ್ಮಯ್ಯನೂ ‘ಇವತ್ತು ಬೇಡ ಸ್ವಾಮಿ, ನೀರಿನ ಬಣ್ಣ ಸರಿ ಇಲ್ಲ’ ಎಂದ. ಮರುದಿನ ಸಂಬಳದ ದಿನ. ನಾನು ರೈಟರಾದ ಮೇಲೆ ಒಂದು ದಿನವೂ ಸಂಬಳ ತಡವಾಗಿರಲಿಲ್ಲ. ಆ ಹೆಮ್ಮೆ ಇತ್ತು. ಬಲವಂತ ಮಾಡಿ ದೋಣಿ ಬಿಡಿಸಿದೆ.

ನಡುನೀರಿನಲ್ಲಿ ಒಂದು ಮರದ ದಿಮ್ಮಿ ಬಂದು ದೋಣಿಗೆ ಬಡಿಯಿತು. ದೋಣಿ ಒಂದು ಪಕ್ಕಕ್ಕೆ ವಾಲಿತು. ಚೀಲ ನನ್ನ ಎರಡು ಕೈಯಲ್ಲಿತ್ತು. ಅದನ್ನು ಬಿಟ್ಟು ದೋಣಿಯ ಅಂಚು ಹಿಡಿದೆ. ಚೀಲ ಹೊಳೆಯ ಪಾಲಾಯಿತು, ದೋಣಿ ಮಗುಚಲಿಲ್ಲ. ಚೀಲವನ್ನು ಬಿಡದೆ ಕೂತಿದ್ದರೂ ನಾನು ಬದುಕುತ್ತಿದ್ದೆನೋ ಏನೋ. ಗೊತ್ತಿಲ್ಲ. ಹೆದರಿಕೆಯಾಯಿತು, ಬಿಟ್ಟೆ.

ಆಳುಗಳಿಗೆ ಹದಿನೈದು ದಿನ ತಡವಾಗಿ ಸಂಬಳ ಸಿಕ್ಕಿತು. ನನ್ನ ಹೆಮ್ಮೆಯಿಂದ ಇಷ್ಟೂ ಜನ ಎರಡು ಸಂತೆ ತಪ್ಪಿಸಿಕೊಂಡರು. ರೈಟರೇ ಚೀಲ ಬಚ್ಚಿಟ್ಟ ಎಂದು ಕೆಲವರು ಆಡಿಕೊಂಡರು, ಈಗಲೂ ಆಡಿಕೊಳ್ಳುತ್ತಾರೆ. ಎಸ್ಟೇಟಿನ ದೊರೆ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತಿಂಗಳಿಗೆ ಐದರಂತೆ ಮೂರು ವರ್ಷ ಹಿಡಿಯುವಂತೆ ಬರೆದರು. ಹನ್ನೆರಡು ತಿಂಗಳು ಕಳೆಯಿತು. ಇನ್ನು ಇಪ್ಪತ್ತನಾಲ್ಕು ತಿಂಗಳು, ನೂರ ಇಪ್ಪತ್ತು ರೂಪಾಯಿ ಉಳಿದಿದೆ.

ದುಡ್ಡು ಕಡಿಮೆ ಎಂದು ಬರೆಯಲು ನನಗೆ ನಾಚಿಕೆಯಿರಲಿಲ್ಲ. ಹೆದರಿ ಕೈಬಿಟ್ಟೆ ಎಂದು ಬರೆಯಲಾರದೆ ಹೋದೆ. ಈಗ ಬರೆದಿದ್ದೇನೆ. ನನ್ನಿಂದ ನಿಮ್ಮ ಬಾಯಲ್ಲಿ ಒಂದು ಸುಳ್ಳು ಬಂತು. ಅದಕ್ಕಾಗಿ ಹೆಚ್ಚು ದುಃಖವಾಗಿದೆ.

ಷಡಕ್ಷರಿ


ಬಣಕಲ್
28–8–1936

ನಿಮ್ಮ ಕಾಗದ ಬಂದ ದಿನವೇ ಓದಿ ಹೇಳಿದೆ. ಏನನ್ನೂ ಸೇರಿಸಲಿಲ್ಲ, ಬಿಡಲಿಲ್ಲ. ನಡೆದದ್ದನ್ನು ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನದ ಊಟವಾಗಿತ್ತು. ಅಪ್ಪಯ್ಯ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು.

“ಅಪ್ಪಯ್ಯ, ನಾನೊಂದು ಸುಳ್ಳು ಹೇಳಿದೀನಿ” ಎಂದೆ.

“ಎಷ್ಟು ರೂಪಾಯಿದು?” ಎಂದರು.

“ಐದು” ಎಂದೆ.

“ಹೂಂ. ಓದು.”

ಓದಿದೆ. ಚೀಲ ಬಿಟ್ಟ ಜಾಗಕ್ಕೆ ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು. “ಹೆದರಿಕೆ ಆಯ್ತು ಅಂತ ಅವ್ನೇ ಬರ್ದಿದಾನ? ನೀನು ಸೇರಿಸಿದ್ದಲ್ವ?”

“ಇಲ್ಲ ಅಪ್ಪಯ್ಯ. ಅವರೇ ಬರ್ದಿರೋದು.”

“ಅಷ್ಟನ್ನ ಇನ್ನೊಂದ್ಸಲ ಓದು.”

ಮೂರು ಸಲ ಓದಿಸಿದರು. ಆಮೇಲೆ ಎದ್ದು ಗೋಡೆ ಹಿಡಿದುಕೊಂಡು ಕಣದ ಕಡೆ ಹೋದರು. ಅವ್ವ ಹಿಂದೆಯೇ ಹೋಗಿ, “ಎಂತ ಆಯ್ತು ಇವ್ರೇ? ಬೇಡ ಅಂತ ಬರ್ಸೋದಾ?” ಎಂದು ಕೇಳಿದರು. “ನೀನು ಸುಮ್ನಿರು ಮಾರಾಯ್ತಿ” ಎಂದರಂತೆ, ಅಷ್ಟೆ.

ಹತ್ತು ದಿನವಾಯಿತು. ಮದುವೆಯ ಮಾತೇ ಇಲ್ಲ. ಪತ್ರಿಕೆ ಓದಲು ಕೂತರೂ “ಇವತ್ತು ಬೇಡ” ಎನ್ನುತ್ತಾರೆ. ನನ್ನ ಮೇಲೆ ಕೋಪವೋ ನಿಮ್ಮ ಮೇಲೋ ತಿಳಿಯುತ್ತಿಲ್ಲ. ಕೋಪ ಬಂದವರ ಹಾಗೆ ಊಟ ಮಾತ್ರ ಬಿಟ್ಟಿಲ್ಲ.

ಅವರು ಏನಾದರೂ ಹೇಳುವವರೆಗೆ ನೀವು ಬರೆಯಬೇಡಿ. ನನ್ನ ಮಾತು ಕೇಳುವುದಾದರೆ, ಅಂಥ ನೀರಿನಲ್ಲಿ ನಾನಾಗಿದ್ದರೂ ಅಂಚನ್ನೇ ಹಿಡಿಯುತ್ತಿದ್ದೆ. ನೀವು ಅಂಚು ಹಿಡಿದದ್ದರಿಂದ ಈ ಕಾಗದವನ್ನು ಬರೆದು ಕಳಿಸಲು ನನಗೊಬ್ಬರು ಇದ್ದಾರೆ.

ಮುತ್ತಮ್ಮ


ಬಣಕಲ್
4–10–1936

ಷಡಕ್ಷರಿಗೆ,

ಈ ಕಾಗದವನ್ನು ನಾನೇ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಹೇಗಾದರೂ ಓದಿಕೋ. ಇಂಥ ಕಾಗದವನ್ನು ಮುತ್ತುವಿನ ಕೈಯಲ್ಲಿ ಬರೆಸಲಾರೆ. ಇನ್ನು ನಿನಗೆ ನೀವು ಎನ್ನುವುದಿಲ್ಲ.

ಆ ಐದು ರೂಪಾಯಿ ಸುಳ್ಳು ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಹೆಣ್ಣು ನೋಡಲು ಬಂದ ದಿನ ಗುರುವಯ್ಯನವರೇ ನನ್ನ ಕಿವಿಯ ಹತ್ತಿರ ಹೇಳಿದ್ದರು, ಹುಡುಗ ಕೊಡಲು ಬಂದರೂ ನಾನು ಅವನಿಂದ ಕಾಸು ಮುಟ್ಟಿಲ್ಲ ಎಂದು. ಮುತ್ತು ಓದುತ್ತ ಒಂದು ಗಳಿಗೆ ತಡೆದಳು. ನನ್ನ ಮಗಳು ಓದುವಾಗ ತಡೆಯುವವಳಲ್ಲ. ನೀವಿಬ್ಬರೂ ಏನು ಮಾಡುತ್ತೀರಿ ನೋಡೋಣ ಎಂದು ಹೊಗಳಿ ಬರೆಸಿದೆ. ನೀನು ಸುಮ್ಮನೆ ಹೊಗಳಿಕೆ ತೆಗೆದುಕೊಂಡಿದ್ದರೆ ಅಲ್ಲಿಗೇ ಬಿಡುತ್ತಿದ್ದೆ.

ಈಗ ನನ್ನ ವಿಷಯ. ಕಣ್ಣಿನ ಪೊರೆ ತೆಗೆಸಬಹುದು ಎಂದು ಮಂಗಳೂರಿನ ಡಾಕ್ಟರು ಹೇಳಿ ಮೂರು ವರ್ಷವಾಯಿತು. ಖರ್ಚು ಹೆಚ್ಚು, ತೋಟ ನೋಡುವವರಿಲ್ಲ, ಘಟ್ಟ ಇಳಿಯಲು ಆಗುವುದಿಲ್ಲ ಎಂದು ಒಂದೊಂದು ವರ್ಷ ಒಂದೊಂದು ಹೇಳಿಕೊಂಡು ಬಂದೆ. ಅದು ಯಾವುದೂ ಅಲ್ಲ. ಕಣ್ಣಿನ ಹತ್ತಿರ ಕತ್ತಿ ಬರುತ್ತದೆ ಎಂದರೆ ನನಗೆ ಹೆದರಿಕೆ. ಅರವತ್ತೆರಡು ವರ್ಷ, ಹೆಂಡತಿಗೂ ಇದನ್ನು ಹೇಳಿಲ್ಲ. ನೀನು ಹೆಣ್ಣು ಕೇಳಿದ ಮನೆಗೆ, ಹೆದರಿದೆ ಎಂದು ಬರೆದುಕೊಟ್ಟೆ. ಅದನ್ನು ಮೂರು ಸಲ ಓದಿಸಿ ಕೇಳಿದೆ.

ಇನ್ನೊಂದು ಮಾತೂ ಇದೆ. ನಿನ್ನ ಕಡಿತದ ಲೆಕ್ಕ ಬೇಕಿತ್ತು ಎನ್ನುವುದು ನಿಜ. ಆದರೆ ಅದು ಒಂದೇ ಕಾಗದದಲ್ಲಿ ಮುಗಿಯುತ್ತಿತ್ತು. ಸಂಬಳ ಯಾವ ತಾರೀಕು, ಜ್ವರ ಬಂದರೆ ಏನು ಎಂದು ಕೇಳುತ್ತ ಹೋದದ್ದು ದಿನ ತಳ್ಳುವುದಕ್ಕೆ. ಅವಳು ಹೋದರೆ ನನಗೆ ಪತ್ರಿಕೆ ಓದುವವರು ಯಾರು, ಕಾರ್ಖಾನೆಗೆ ಬರೆಯುವವರು ಯಾರು ಎಂದು ಯೋಚಿಸುತ್ತಿದ್ದೆ. ನನ್ನ ಹೆದರಿಕೆಗೆ ಮಗಳನ್ನು ಮನೆಯಲ್ಲಿ ಹಿಡಿದಿಟ್ಟೆ. ತಪ್ಪು.

ಹಣ್ಣು ಕೊಯ್ದು ಮುಗಿದ ಮೇಲೆ, ಜನವರಿಯಲ್ಲಿ ಮಂಗಳೂರಿಗೆ ಹೋಗುತ್ತೇನೆ. ವೈಶಾಖದಲ್ಲಿ ಮದುವೆ. ಉಳಿದ ನೂರ ಇಪ್ಪತ್ತನ್ನು ನಾನು ಕಟ್ಟಲೇ? ಬೇಡ, ಹುಡುಗನ ಮನಸ್ಸಿಗೆ ನೋವಾಗುತ್ತೆ ಎನ್ನುತ್ತಾಳೆ ನಮ್ಮವಳು. ನೀನೇ ಹೇಳು.

ಸಿದ್ದಬಸಪ್ಪ


ಹೊನ್ನೆಗುಂಡಿ ಎಸ್ಟೇಟು
1–11–1936

ಪೂಜ್ಯ ಮಾವನವರಿಗೆ ಷಡಕ್ಷರಿಯ ನಮಸ್ಕಾರಗಳು.

ತಮ್ಮ ಕಾಗದವನ್ನು ಓದಲು ನನಗೆ ಎರಡು ದಿನ ಬೇಕಾಯಿತು. ಒಂದು ಅಕ್ಷರವೂ ತಪ್ಪಿಹೋಗಿಲ್ಲ. ಅದನ್ನು ಯಾರಿಗೂ ತೋರಿಸುವುದಿಲ್ಲ. ಈ ಕಾಗದವನ್ನು ಮುತ್ತಮ್ಮನವರೇ ಓದಿ ಹೇಳಬೇಕಾದ್ದರಿಂದ ಆ ವಿಷಯವನ್ನು ಇಲ್ಲಿ ಎತ್ತುವುದೂ ಇಲ್ಲ.

ಉಳಿದ ದುಡ್ಡನ್ನು ನಾನೇ ಕಟ್ಟಿ ಮುಗಿಸುತ್ತೇನೆ. ತಾವು ಕಟ್ಟಿದರೆ ತಿಂಗಳಿಗೆ ಐದು ರೂಪಾಯಿ ಉಳಿಯುತ್ತದೆ, ನಿಜ. ಆದರೆ ಪ್ರತಿ ತಿಂಗಳೂ ಪಟ್ಟಿಯಲ್ಲಿ ಆ ಸಾಲು ನೋಡಿ ನೋಡಿ ನನಗೆ ಸ್ವಲ್ಪ ಸ್ವಲ್ಪವಾಗಿ ಹಗುರಾಗುತ್ತಿದೆ. ಅಷ್ಟಕ್ಕೆ ಮನ್ನಿಸಬೇಕು.

ಜನವರಿಯಲ್ಲಿ ತಮ್ಮ ಜೊತೆ ಮಂಗಳೂರಿಗೆ ನಾನು ಬರುತ್ತೇನೆ. ಎಂಟು ದಿನದ ರಜೆ ಕೇಳಿದೆ. ಕೊಯ್ಲಿನ ಲೆಕ್ಕ ಮುಗಿಸುವ ಕಾಲವಾದ್ದರಿಂದ ಸಂಬಳವಿಲ್ಲದೆ ಕೊಡುತ್ತೇನೆ ಎಂದರು ದೊರೆ. ನಲವತ್ತನ್ನು ಮೂವತ್ತರಿಂದ ಭಾಗಿಸಿ ಎಂಟರಿಂದ ಗುಣಿಸಿದರೆ ಹತ್ತು ರೂಪಾಯಿ ಹತ್ತಾಣೆ ಎಂಟು ಪೈ. ಇಪ್ಪತ್ತೊಂದರಲ್ಲಿ ಅದನ್ನು ಕಳೆದರೆ ಆ ತಿಂಗಳು ಕೈಗೆ ಹತ್ತು ರೂಪಾಯಿ ಐದಾಣೆ ನಾಲ್ಕು ಪೈ. ಫಂಡಿನ ಕಡಿತವೂ ಸ್ವಲ್ಪ ಇಳಿಯಬಹುದು, ಅದನ್ನು ಹಿಡಿದಿಲ್ಲ. ಒಬ್ಬನಿಗೆ ಸಾಕು.

ಬೇಡ ಎನ್ನಬೇಡಿ. ಘಟ್ಟದ ತಿರುವಿನಲ್ಲಿ ಬಸ್ಸು ಇಳಿಯುವಾಗ ನನಗೂ ಹೆದರಿಕೆಯೇ. ಇಬ್ಬರಿದ್ದರೆ ವಾಸಿ.

ಷಡಕ್ಷರಿ


ಬಣಕಲ್
11–2–1937

ನಿನ್ನೆ ಡಾಕ್ಟರು ಕೊಟ್ಟ ದಪ್ಪ ಕನ್ನಡಕ ಬಂತು. ಒಂದೇ ಕಣ್ಣಿನ ಪೊರೆ ತೆಗೆದಿರುವುದಾದರೂ ಅಪ್ಪಯ್ಯ ಎರಡು ಕಣ್ಣಿಗಾಗುವಷ್ಟು ನೋಡುತ್ತಿದ್ದಾರೆ. ತೋಟದಲ್ಲಿ ಹೂ ಬಿಟ್ಟಿದೆ. ಗಿಡ ಗಿಡದ ಹತ್ತಿರ ನಿಂತು ಬಂದರು. ಅವ್ವನ ತಲೆ ನೆರೆತದ್ದು ಅವರಿಗೆ ಗೊತ್ತೇ ಇರಲಿಲ್ಲವಂತೆ. “ಯಾವಾಗ ಆಯ್ತು ಇದು?” ಎಂದು ಕೇಳಿದರು. ಅವ್ವ ಸೆರಗು ಎಳೆದುಕೊಂಡು ಒಳಗೆ ಹೋದರು, ಬಹಳ ಹೊತ್ತು ಬರಲಿಲ್ಲ.

ನೀವು ಮಂಗಳೂರಿನಲ್ಲಿ ಏನು ಮಾಡಿದಿರೆಂದು ಅಪ್ಪಯ್ಯ ಹೇಳಿದರು. ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲುಗಿಸದೆ ಮಲಗಿದ್ದ ಐದು ದಿನವೂ ಗಂಜಿ ಕುಡಿಸಿದಿರಂತೆ. ಕತ್ತಿ ಹಿಡಿಯುವ ಮೊದಲು ಡಾಕ್ಟರು ‘ಹೆದರಿಕೆ ಇದೆಯಾ’ ಎಂದು ಕೇಳಿದಾಗ ಅಪ್ಪಯ್ಯ ಇದೆ ಎಂದರಂತೆ. ಹೊರಗೆ ನಿಂತಿದ್ದ ನಿಮ್ಮನ್ನು ಕೇಳಿದಾಗ ನೀವೂ ಇದೆ ಎಂದಿರಂತೆ. ಇದನ್ನು ಹೇಳಿ ಅಪ್ಪಯ್ಯ ನಕ್ಕರು. ಅವರು ಹಾಗೆ ನಗುವುದನ್ನು ನೋಡಿ ವರ್ಷಗಳಾಗಿತ್ತು.

ವೈಶಾಖಕ್ಕೆ ಇನ್ನು ಮೂರು ತಿಂಗಳು. ಅಲ್ಲಿಯವರೆಗೆ ಕಾಗದದೊಳಗೆ ಚೀಟಿ ಇಡಬೇಡಿ. ಈಗ ಅಪ್ಪಯ್ಯನಿಗೆ ಕಾಣುತ್ತದೆ.

ಮುತ್ತಮ್ಮ


ಹೊನ್ನೆಗುಂಡಿ ಎಸ್ಟೇಟು
8–8–1937

ಅಪ್ಪಯ್ಯನ ಪಾದಕ್ಕೆ ಮುತ್ತು ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂತು. ನಿಮ್ಮ ಅಕ್ಷರ ಈಗ ನನ್ನದಕ್ಕಿಂತ ಚೆನ್ನಾಗಿದೆ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಹಿತ್ತಿಲಲ್ಲಿ ಬದನೆ, ಹೀರೆ ಹಾಕಿದ್ದೇನೆ. ಮಳೆಗೆ ಅರ್ಧ ಕೊಳೆಯಿತು, ಅರ್ಧ ಉಳಿಯಿತು.

ನೀವು ಕೇಳುವ ಮೊದಲೇ ಲೆಕ್ಕ ಬರೆಯುತ್ತೇನೆ. ಇಬ್ಬರಾದ ಮೇಲೆ ಅಕ್ಕಿಗೆ ಹನ್ನೊಂದು ಹಿಡಿಯುತ್ತಾರೆ. ಉಳಿದ ಬಾಬು ಮೊದಲಿನಂತೆ. ಕೈಗೆ ಬರುವುದು ಹದಿನೇಳು. ನನ್ನ ಓಲೆ ಕಿವಿಯಲ್ಲೇ ಇವೆ. ಇವರು ಮೊದಲ ಸಂಬಳ ತಂದು ನನ್ನ ಕೈಯಲ್ಲಿಟ್ಟು, ಕ್ಷೌರಕ್ಕೆ ಎರಡಾಣೆ ಕೊಡುತ್ತೀಯಾ ಎಂದು ಕೇಳಿದರು. ಕೊಟ್ಟೆ.

ಈ ವಾರ ನಡೆದದ್ದನ್ನು ಹೇಳಬೇಕು. ಸಂಬಳದ ಮರುದಿನ ಆಳುಗಳ ಲೈನುಮನೆಯ ಗಿಡ್ಡಮ್ಮ ಎನ್ನುವ ಹೆಂಗಸು ಬಂದು ಮೆಟ್ಟಿಲ ಮೇಲೆ ಕೂತಳು. ತೋಟದಲ್ಲಿ ಕಳೆ ತೆಗೆಯುವವಳು.

“ಅಮ್ಮಾ, ನೀವು ಲೆಕ್ಕ ಬಲ್ಲೋರಂತೆ. ದಿನಕ್ಕೆ ನಾಲ್ಕಾಣೆ, ಇಪ್ಪತ್ನಾಲ್ಕು ದಿನ ಬಂದೀನಿ. ನಂಗೆ ಕೈಗೆ ಎಷ್ಟು ಬರ್ಬೇಕು?”

ಆರು ರೂಪಾಯಿ ಎಂದೆ. ಅಕ್ಕಿಗೆ ಮೂರು ಹೋಗುತ್ತದೆ ಎಂದಳು. ಮೂರು ಉಳಿಯಬೇಕು. ಅವಳು ಸೆರಗಿನ ಗಂಟು ಬಿಚ್ಚಿ ತೋರಿಸಿದಳು, ಎರಡೇ ಇತ್ತು. ಮತ್ತೆ ಏನು ಹಿಡಿದರು ಎಂದು ಕೇಳಿದರೆ, “ಕಂಬ್ಳಿದು ಅಂದ್ರು” ಎಂದಳು. ಕಂಬಳಿಯ ಬೆಲೆ ಮೂರು ರೂಪಾಯಿ. ತಿಂಗಳಿಗೆ ಒಂದರಂತೆ ಮಾರ್ಚಿಯಿಂದ ಹಿಡಿಯುತ್ತಿದ್ದಾರೆ. ಮೇ ತಿಂಗಳಿಗೇ ತೀರಿತ್ತು. ಜೂನಿನಲ್ಲೂ ಜುಲೈಯಲ್ಲೂ ಹಿಡಿದಿದ್ದಾರೆ.

ಇವರು ಮನೆಗೆ ಬಂದಾಗ ಹೇಳಿದೆ. ಪಟ್ಟಿ ತರಿಸಿ ನೋಡಿದರು. ಹಿಂದಿನ ತಿಂಗಳ ಕಡಿತವನ್ನು ನೋಡಿಕೊಂಡು ಮುಂದಿನ ತಿಂಗಳಿಗೆ ಹಾಗೆಯೇ ಇಳಿಸಿದ್ದರು. ಅವಳೊಬ್ಬಳದೇ ಅಲ್ಲ, ಆ ಸಲ ಕಂಬಳಿ ತೆಗೆದುಕೊಂಡ ಹನ್ನೊಂದು ಜನರದೂ.

“ನನ್ನದೇ ಕೈ” ಎಂದರು.

“ಹೌದು” ಎಂದೆ.

“ದೊರೆಗೆ ಹೇಳಿದ್ರೆ ಹಳೇದನ್ನೂ ಎತ್ತಿ ಆಡ್ತಾರೆ. ಮುಂದಿನ ತಿಂಗಳು ಸದ್ದಿಲ್ದೆ ಸರಿ ಮಾಡ್ಬಹುದು. ಮಾಡ್ಲಾ?”

ನಾನು ಅಕ್ಕಿ ಆರಿಸುತ್ತಲೇ ಇದ್ದೆ. ಅವರು ಪಟ್ಟಿಯನ್ನು ತಲೆಯ ಮೇಲೆ ಹೊದ್ದ ಕಂಬಳಿಯ ಕೊಪ್ಪೆಯೊಳಗೆ ಇಟ್ಟುಕೊಂಡು ಮಳೆಯಲ್ಲೇ ದೊರೆಯ ಬಂಗಲೆಗೆ ಹೋದರು. ಹೆದರಿಕೆ ಇತ್ತು, ನನಗೆ ಗೊತ್ತು. ಆದರೂ ಹೋದರು.

ಊಟದ ಹೊತ್ತಿಗೆ ಬಂದರು. ದೊರೆ ಬೈದರಂತೆ, ಹಿರಿಯ ರೈಟರ ಮುಂದೆಯೇ. ಇವರಿಗೆ ಒಂದು ರೂಪಾಯಿ ದಂಡ ಹಾಕಿದರು. ಆದ್ದರಿಂದ ಈ ತಿಂಗಳು ಕೈಗೆ ಹದಿನಾರೇ. ಆದರೆ ಹನ್ನೊಂದು ಜನರಿಗೂ ಎರಡೆರಡು ರೂಪಾಯಿ ಮರುದಿನವೇ ವಾಪಸು ಕೊಡಿಸಿದರು. ಹಾಜರಿಯ ಹೊತ್ತಿನಲ್ಲಿ, ಎಲ್ಲರೆದುರಿಗೆ, ಇವರೇ ‘ನನ್ನಿಂದ ತಪ್ಪಾಯ್ತು’ ಎಂದು ಹೇಳಿ ಒಬ್ಬೊಬ್ಬರ ಕೈಗೆ ಎಣಿಸಿ ಕೊಟ್ಟರಂತೆ. ಸಂಜೆ ನಿಂಗಯ್ಯ ಎನ್ನುವ ಮುದುಕ, ಚೀಲ ಹೋದ ಮೇಲೆ ಎರಡು ವರ್ಷದಿಂದ ಇವರೊಡನೆ ಮಾತು ಬಿಟ್ಟಿದ್ದವನು, ಬಾಗಿಲಿಗೆ ಬಂದು ಒಂದು ಕಟ್ಟು ಎಳೆಬಿದಿರಿನ ಕಳಲೆ ಇಟ್ಟು, “ರೈಟ್ರಿಗೆ ಕೊಡಿ ಅಮ್ಮ” ಎಂದು ಹೇಳಿ ಹೋದ. ಇವರಿಗೆ ತೋರಿಸಿದೆ. ಕಳಲೆಯನ್ನು ಕೈಯಲ್ಲಿ ಹಿಡಿದುಕೊಂಡು ಒಲೆಯ ಮುಂದೆ ಕೂತು ಒಂದೊಂದಾಗಿ ಸಿಪ್ಪೆ ಬಿಡಿಸಿದರು. ನಾನೂ ಪಕ್ಕದಲ್ಲಿ ಕೂತೆ.

ಈಗ ದಿನಾ ಕೆಲಸ ಬಿಟ್ಟ ಮೇಲೆ ಹೆಂಗಸರು ಬರುತ್ತಿದ್ದಾರೆ. ಮೊದಲ ದಿನ ಇಬ್ಬರು, ನಿನ್ನೆ ಒಂಬತ್ತು ಜನ. ತಮ್ಮ ತಮ್ಮ ಕಡಿತ ಹೇಳುತ್ತಾರೆ, ನಾನು ಕೂಡಿ ಕಳೆದು ತೋರಿಸುತ್ತೇನೆ. ಕಲಿಸಿ ಕೊಡಿ, ನಾವೇ ಹಾಕ್ಕೋತೀವಿ ಎನ್ನುತ್ತಿದ್ದಾರೆ. ಒಲೆಯ ಇದ್ದಿಲಿನಿಂದ ನೆಲದ ಮೇಲೆ ಬರೆದು ತೋರಿಸಿದರೆ ಇಬ್ಬರಿಗೆ ಕಾಣುತ್ತದೆ, ಹಿಂದೆ ಕೂತವರಿಗೆ ಕಾಣುವುದಿಲ್ಲ.

ಮುಂದಿನ ವಾರ ಬಣಕಲ್ಲಿನಿಂದ ಈ ಕಡೆಗೆ ಬರುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ಒಂದು ಸ್ಲೇಟು ಕಳಿಸಿಕೊಡಿ, ಅಪ್ಪಯ್ಯ. ದೊಡ್ಡದು.

ಮುತ್ತು